ಹದಿನೇಳನೆಯ ಪ್ರಶ್ನೆಗೆ ‘ಹೌದು’

ಅಬುಧಾಬಿಯಲ್ಲಿ ಎಲ್ಲರಿಗೂ ಆರೋಗ್ಯವಿಮೆ ಕಡ್ಡಾಯವಾದಾಗ ನಮ್ಮ ಮನೆಯಲ್ಲಿ ಆರು ಜನರಿದ್ದೆವು. ಕಂಪನಿಯ ಪ್ರಕಾರ ಐದು.

ನೌಕರ, ಅವನ ಹೆಂಡತಿ, ಹದಿನೆಂಟು ತುಂಬದ ಮೂರು ಮಕ್ಕಳು. ಇಷ್ಟು ಜನರ ವಿಮೆಯನ್ನು ಕಂಪನಿ ಹೊರುತ್ತದೆ, ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅಪ್ಪನೇ ಬೇರೆ ವಿಮೆ ಮಾಡಿಸಿಕೊಳ್ಳಬೇಕು ಎಂದು 2007ರ ಅಕ್ಟೋಬರಿನಲ್ಲಿ ಇವರ ಆಫೀಸಿನಿಂದ ಸುತ್ತೋಲೆ ಬಂತು. ನಮ್ಮದೂ ಮೂರಕ್ಕೇ ನಿಲ್ಲಬೇಕಿತ್ತು. ಸುಮಂತ್, ಪ್ರಾರ್ಥನಾ ಆದಮೇಲೆ ಇನ್ನೊಂದು ಇರಲಿ ಎಂದು ನಮ್ಮತ್ತೆ ಮೈಸೂರಿನಿಂದ ಶುಕ್ರವಾರ ಶುಕ್ರವಾರ ಫೋನಿನಲ್ಲಿ ಹೇಳಿ ಹೇಳಿ, ನಾವು ಇನ್ನೊಂದಕ್ಕೆ ಒಪ್ಪಿದೆವು. ಬಂದದ್ದು ಎರಡು. ಮೊದಲು ಹಿತಾ, ಹನ್ನೊಂದು ನಿಮಿಷಕ್ಕೆ ಅಮೋಘ. ಸುತ್ತೋಲೆಯ ಗೆರೆ ಸರಿಯಾಗಿ ಆ ಹನ್ನೊಂದು ನಿಮಿಷದ ನಡುವೆ ಬಿದ್ದಿತ್ತು.

ನನ್ನ ಗಂಡ ಶಾಮಸುಂದರ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಪ್ಲಾನಿಂಗ್ ಇಂಜಿನಿಯರು. ಅವರಿಗೆ ಸುತ್ತೋಲೆ ಕಂಡು ಸಂತೋಷವೇ ಆಯಿತು. ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದವರು ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: ‘ಎಲ್ಲರಿಗೂ ವಿಮೆ: ಹಕ್ಕೇ, ಹೊರೆಯೇ?’ ಚೀಟಿ ಎತ್ತಿದಾಗ ಇವರಿಗೆ ಹಕ್ಕು ಬಂದಿತ್ತು.

“ಚಾಮು, ಇದೆಲ್ಲ ನಮ್ಮೂರಿನ ಚೀಟಿ ವ್ಯವಹಾರ ಇದ್ದ ಹಾಗೆ ಕಣೇ,” ಎಂದು ನನಗೆ ಬಿಡಿಸಿ ಹೇಳಿದರು. “ಎಲ್ಲರೂ ಸೇರಿ ಹಾಕ್ತಾರೆ. ಯಾರಿಗೆ ಕಷ್ಟ ಬರುತ್ತೋ ಅವರು ಎತ್ಕೋತಾರೆ.”

“ಚೀಟೀಲಿ ಕೊನೆಗೆ ಎಲ್ಲರಿಗೂ ಸರದಿ ಬರುತ್ತಲ್ಲ. ಇದರಲ್ಲಿ ನಮ್ಮ ಸರದಿ ಬರೋದೇ ಬೇಡಪ್ಪಾ ಅಂತ ಬೇಡ್ಕೋಬೇಕು.”

“ಅದೇ ಇದರ ಹೆಚ್ಚುಗಾರಿಕೆ.”

“ಅಂದ್ರೆ, ಕಟ್ಟಿದ ದುಡ್ಡು ದಂಡವಾಗಲಿ ಅಂತ ದೇವರಿಗೆ ದೀಪ ಹಚ್ಚೋದು.”

“ಹಚ್ಚು, ತಪ್ಪೇನು?” ಎಂದು ಇವರು ಕನ್ನಡಿಯ ಮುಂದೆ ನಿಂತು, “ಒಬ್ಬರನ್ನೂ ಬಿಡದೆ! ಒಬ್ಬೇ ಒಬ್ಬರನ್ನೂ ಬಿಡದೆ!” ಎಂದು ಎರಡು ಬಗೆಯಲ್ಲಿ ಹೇಳಿ ನೋಡಿಕೊಂಡರು. ಯಾವುದು ಚೆನ್ನಾಗಿದೆ ಎಂದು ಕೇಳಿದರು. ಎರಡನೆಯದು ಎಂದೆ.

ಮಾರನೆಯ ದಿನ ಸಂಜೆ ಮುಹಿಯುದ್ದೀನ್ ಪಾಸ್‌ಪೋರ್ಟು ಒಯ್ಯಲು ಮನೆಗೆ ಬಂದರು. ಬಂಟ್ವಾಳದವರು, ಇವರ ಕಂಪನಿಯ ವೀಸಾ, ಕಾರ್ಡು, ಠಸ್ಸೆಗಳ ಓಡಾಟವೆಲ್ಲ ಅವರದೇ. ನಮ್ಮೆಲ್ಲರ ವೀಸಾ ನವೆಂಬರ್ ಇಪ್ಪತ್ತೆಂಟಕ್ಕೆ ಮುಗಿಯುವುದರಲ್ಲಿತ್ತು. ವಿಮೆಯ ಕಾರ್ಡು ಇಲ್ಲದವರಿಗೆ ವೀಸಾ ಮುಂದುವರಿಯುವುದಿಲ್ಲ ಎಂಬುದು ಹೊಸ ನಿಯಮ.

“ಮೂರು ಚೌಕ ಉಂಟು ಅಕ್ಕ,” ಎಂದು ಅವರು ಫಾರಮ್ಮನ್ನು ಟೀಪಾಯಿಯ ಮೇಲೆ ಹರಡಿದರು. “ನಾಲ್ಕನೆಯ ಹೆಸರು ಹಾಕಿದರೆ ಕಂಪ್ಯೂಟರ್ ತಕ್ಕೊಳ್ಳುದಿಲ್ಲ. ಕೆಂಪು ಬರ್ತದೆ.”

“ಇವರಿಬ್ಬರು ಅವಳಿಜವಳಿ ಅಂತ ಬರೆದ್ರೆ?”

“ಅದಕ್ಕೆ ಕಾಲಮ್ಮೇ ಇಲ್ಲ. ಒಬ್ಬರಿಗೆ ಸಾರ್ ಹೊರಗಿಂದ ಮಾಡಿಸಲಿ. ಎಂತ ದೊಡ್ಡ ಸಂಗತಿ ಅಲ್ಲ. ಯಾರಿಗೆ ಕಾಯಿಲೆ ಕಮ್ಮಿಯೋ ಅವರನ್ನು ಹೊರಗೆ ಹಾಕಿ. ನಾಳೆ ಬೆಳಿಗ್ಗೆ ಹೆಸರು ಕೊಟ್ಟರೆ ಆಯ್ತು.”

ಅವರು ಚಹಾ ಕುಡಿದು ಹೊರಟರು. ಯಾರಿಗೆ ಕಾಯಿಲೆ ಕಡಿಮೆ ಎಂಬ ಪ್ರಶ್ನೆ ಟೀಪಾಯಿಯ ಮೇಲೆ ಉಳಿಯಿತು.

ಹೆತ್ತವರು ಇದನ್ನು ಬಾಯಿಬಿಟ್ಟು ಆಡುವಂತಿಲ್ಲ. ಯಾರಾದರೂ ಮಗುವನ್ನು ಎತ್ತಿಕೊಂಡು ‘ಗುಂಡಗಿದೆಯಲ್ಲಾ’ ಎಂದರೆ, ‘ಎಲ್ಲಿ, ಒಂದು ತುತ್ತೂ ತಿನ್ನೋದಿಲ್ಲ’ ಎನ್ನುವ ಮನೆಯಿಂದ ಬಂದವಳು ನಾನು. ಶೀತವಾಗಿ ಮೂರು ತಿಂಗಳಾಯಿತು ಎಂದು ನೆನಪು ಮಾಡಿಕೊಳ್ಳುವುದಕ್ಕೂ ನನಗೆ ಹೆದರಿಕೆ. ನೆನಪು ಮಾಡಿಕೊಂಡ ಮಾರನೆಯ ದಿನವೇ ಸೀನು ಬರುತ್ತದೆ. ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ್ದೇನೆ. ದೃಷ್ಟಿ ತಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಗೊತ್ತು. ಆಧಾರವಿರುವ ವೈರಿಯಾದರೆ ಎದುರಿಸಬಹುದಿತ್ತು.

ಇವರು ಕಾಗದ ಎಳೆದುಕೊಂಡು ಕೂತರು. “ಸುಮಂತ್ ಫುಟ್‌ಬಾಲ್ ಆಡ್ತಾನೆ, ಇವತ್ತಲ್ಲ ನಾಳೆ ಕಾಲು...”

“ಥೂ ಅನ್ನಿ!”

“ಥೂ. ಪ್ರಾರ್ಥನಾಗೆ ಹಲ್ಲಿನ ಕ್ಲಿಪ್ಪು, ಕನ್ನಡಕ. ಅಮೋಘನಿಗೆ...”

ನಾನು ನೋಡಿದೆ.

“ಅದು,” ಎಂದರು ಇವರು. ಧೂಳೆದ್ದ ದಿನ ಅಮೋಘನಿಗೆ ಉಸಿರು ಹಿಡಿಯುತ್ತದೆ, ಅದಕ್ಕೊಂದು ಪಂಪು ಇದೆ. ಅದರ ಹೆಸರನ್ನು ನಾವು ಮನೆಯಲ್ಲಿ ಆಡುವುದಿಲ್ಲ, ‘ಅದು’ ಎನ್ನುತ್ತೇವೆ. “ಇನ್ನು ಉಳಿದವಳು...”

“ಸಾಕು. ಮುಂದೆ ಹೇಳ್ಬೇಡಿ.”

ಹೀಗೆ ಒಬ್ಬರೂ ಹೆಸರು ಹೇಳದೆ ಹಿತಾ ಆಯ್ಕೆಯಾದಳು. ಅಮೋಘನಿಗಿಂತ ಹನ್ನೊಂದು ನಿಮಿಷ ದೊಡ್ಡವಳೆಂದು ಅವಳಿಂದ ಬಾಗಿಲು ತೆಗೆಸುತ್ತೇವೆ, ನೀರು ತರಿಸುತ್ತೇವೆ. ಆ ಹಿರಿತನ ಅವತ್ತು ಮಾತ್ರ ಯಾರಿಗೂ ನೆನಪಾಗಲಿಲ್ಲ. ನನಗೂ.

ಕಂಪನಿಯ ಪಟ್ಟಿಗೆ ಹೋದ ಐವರನ್ನು ಯಾರೂ ಏನೂ ಕೇಳಲಿಲ್ಲ. ಹೆಸರು, ಹುಟ್ಟಿದ ತಾರೀಖು, ಎರಡು ಫೋಟೊ, ಮುಗಿಯಿತು. ಒಂಟಿಯಾಗಿ ಹೋಗುವ ಹಿತಾಗೆ ಮಾತ್ರ ಬೇರೊಂದು ವಿಮಾ ಕಚೇರಿಯಿಂದ ಇಪ್ಪತ್ನಾಲ್ಕು ಪ್ರಶ್ನೆಗಳ ಫಾರಮ್ಮು ಬಂತು. ಇವರು ಕೊನೆಯ ಪುಟದಲ್ಲಿ ಸಹಿ ಹಾಕಿಟ್ಟು, ಮಿಕ್ಕದ್ದು ನೀನು ತುಂಬು ಎಂದು ಭಾಷಣದ ಅಭ್ಯಾಸಕ್ಕೆ ಹೋದರು.

ಹೃದಯ? ಇಲ್ಲ. ಶ್ವಾಸಕೋಶ? ಇಲ್ಲ. ಮೂರ್ಛೆ? ಇಲ್ಲ. ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡ? ಇಲ್ಲ, ಇಲ್ಲ, ಇಲ್ಲ. ಮೊದಲ ಪುಟ ಮುಗಿಯುವ ಹೊತ್ತಿಗೆ ನನ್ನ ಕೈ ನಿಧಾನವಾಯಿತು. ಒಂದರ ಕೆಳಗೊಂದು ಹದಿನಾರು ‘ಇಲ್ಲ’. ನೋಡಿ, ನನ್ನ ಮಗಳಿಗೆ ಏನೇನೂ ಇಲ್ಲ ಎಂದು ಊರಿಗೆಲ್ಲ ಡಂಗುರ ಹೊಡೆದಂತೆ ಕಾಣುತ್ತಿತ್ತು. ಈ ಕಾಗದ ಎಷ್ಟು ಮೇಜು ಹತ್ತಿ ಇಳಿಯುತ್ತದೋ, ಎಷ್ಟು ಜನರ ಕಣ್ಣು ಬೀಳುತ್ತದೋ. ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿದ ಮಗುವನ್ನು ಕೆನ್ನೆಗೆ ಬೊಟ್ಟಿಡದೆ ಜಾತ್ರೆಗೆ ಕಳಿಸುವ ತಾಯಿ ಯಾರು?

ಹದಿನೇಳನೆಯದು ಚರ್ಮದ ಪ್ರಶ್ನೆ. ಮೈಮೇಲೆ ಮಚ್ಚೆ, ಗಂಟು ಅಥವಾ ಬೆಳವಣಿಗೆ ಇದೆಯೇ? ಇದ್ದುದರಲ್ಲಿ ಇದೇ ಸಾಧು ಪ್ರಶ್ನೆ ಅನ್ನಿಸಿತು. ಮಚ್ಚೆ ಯಾರಿಗಿಲ್ಲ? ಹಿತಾಗಿಲ್ಲ, ಅದು ಬೇರೆ ಮಾತು. ‘ಹೌದು’ ಎಂಬ ಚೌಕದಲ್ಲಿ ಪೆನ್ನಿನಿಂದ ಸಣ್ಣದಾಗಿ ಗುರುತು ಹಾಕಿದೆ. ಉಳಿದ ಏಳಕ್ಕೆ ನಿರಾಳವಾಗಿ ‘ಇಲ್ಲ’ ಎಂದು ಬರೆದು ಲಕೋಟೆ ಅಂಟಿಸಿದೆ.

ವಾರದಲ್ಲಿ ಐದು ಪಾಸ್‌ಪೋರ್ಟುಗಳು ವೀಸಾ ಕಚೇರಿಗೆ ಹೋದವು. ಆರನೆಯದು ನಮ್ಮ ಬೀರುವಿನಲ್ಲೇ ಇತ್ತು. ಹಿತಾಳ ಕಾರ್ಡಿನ ಬದಲು ವಿಮಾ ಕಚೇರಿಯಿಂದ ಒಂದು ಪತ್ರ ಬಂತು. ಹದಿನೇಳನೆಯ ಪ್ರಶ್ನೆಗೆ ಕೊಟ್ಟ ಉತ್ತರದ ಸಂಬಂಧ: ಸದರಿ ಬೆಳವಣಿಗೆ ಎಲ್ಲಿದೆ, ಯಾವಾಗಿನಿಂದ ಇದೆ, ಯಾವ ಬಣ್ಣ, ಎಷ್ಟು ಮಿಲಿಮೀಟರು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಚರ್ಮತಜ್ಞರ ವರದಿಯೊಂದಿಗೆ ಕಳಿಸತಕ್ಕದ್ದು.

ಇವರು ಎರಡು ಸಲ ಓದಿದರು. “ಯಾವ ಮಚ್ಚೆ?”

ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. “ಇಟ್ಟೆ,” ಎಂದೆ.

“ಏನಿಟ್ಟೆ?”

“ಬೊಟ್ಟು.”

“ಇನ್ಶೂರೆನ್ಸ್ ಫಾರಮ್ಮಿಗೆ ದೃಷ್ಟಿಬೊಟ್ಟು ಇಟ್ಟೆಯಾ?”

“ಸಣ್ಣದು.”

ಇವರು ಫೋನು ಹಚ್ಚಿ, ಕೈತಪ್ಪಿನಿಂದ ಆದದ್ದು, ‘ಹೌದು’ ಇದ್ದದ್ದನ್ನು ‘ಇಲ್ಲ’ ಮಾಡಿಕೊಳ್ಳಿ ಎಂದು ವಿಮಾ ಕಚೇರಿಯವರನ್ನು ಕೇಳಿದರು. ‘ಇಲ್ಲ’ ಇದ್ದದ್ದು ‘ಹೌದು’ ಆದರೆ ತೊಂದರೆಯಿಲ್ಲ ಸಾರ್, ‘ಹೌದು’ ಇದ್ದದ್ದು ‘ಇಲ್ಲ’ ಆದರೆ ನಾವು ಯೋಚಿಸಬೇಕಾಗುತ್ತದೆ ಎಂದು ಆ ಕಡೆಯವರು ವಿನಯದಿಂದ ಹೇಳಿದರಂತೆ.

ಚರ್ಮದ ಡಾಕ್ಟರು ಆಲ್ಫೋನ್ಸ್ ನಮ್ಮ ಕಾರವಾರದ ಕಡೆಯವರು. ದೀಪದ ಕೆಳಗೆ ಹಿತಾಳ ಕೈ, ಕಾಲು, ಬೆನ್ನು, ಕಿವಿಯ ಹಿಂಭಾಗ ಎಲ್ಲ ನೋಡಿದರು.

“ವಾಟ್ ಆರ್ ವೀ ಲುಕಿಂಗ್ ಫಾರ್, ಮಮ್ಮಾ?” ಎಂದಳು ಹಿತಾ. ಕಚಗುಳಿಯಾಗಿ ನಗುತ್ತಿದ್ದಳು.

“ನಾನೂ ಅದನ್ನೇ ಕೇಳಬೇಕಂತಿದ್ದೆ,” ಎಂದರು ಡಾಕ್ಟರು. “ಮಚ್ಚೆ ಎಲ್ಲುಂಟು ತಾಯಿ?”

“ಇಲ್ಲ ಡಾಕ್ಟ್ರೇ.”

“ಇಲ್ಲದ್ದನ್ನು ತೋರಿಸಲಿಕ್ಕೆ ನೀವು ಮುಸ್ಸಫ್ಫಾ ದಾಟಿ ಇಷ್ಟು ದೂರ ಬಂದದ್ದಾ?”

“ಇಲ್ಲ ಅಂತ ಬರೆದುಕೊಡಿ, ಸಾಕು.”

“ಇಲ್ಲ ಅಂತ ಬರೆಯಲಿಕ್ಕೆ ನಾನು ದೇವರಾ? ನನ್ನ ಕಣ್ಣಿಗೆ ಕಾಣಲಿಲ್ಲ ಅಂತ ಬರೀಬಹುದು.” ಅವರು ಎಚ್ಚರದ ಮನುಷ್ಯ. ‘ಸದ್ಯಕ್ಕೆ ಯಾವ ಬೆಳವಣಿಗೆಯೂ ಕಾಣಿಸುತ್ತಿಲ್ಲ’ ಎಂದು ಬರೆದು ಸಹಿ ಹಾಕಿದರು.

ಆ ‘ಸದ್ಯಕ್ಕೆ’ ಎಂಬ ಪದ ನನಗೆ ಅಲ್ಲೇ ಚುಚ್ಚಿತು. ಆದರೂ ವರದಿಯನ್ನು ಹಾಗೇ ಮಡಚಿ ಚೀಲಕ್ಕೆ ಹಾಕಿಕೊಂಡೆ. ನಾಲ್ಕು ದಿನಕ್ಕೆ ಎರಡನೆಯ ಪತ್ರ ಬಂತು. ವರದಿಯ ಪ್ರಕಾರ ಬೆಳವಣಿಗೆ ಸದ್ಯಕ್ಕೆ ಇಲ್ಲ. ಅರ್ಜಿಯ ಪ್ರಕಾರ ಇತ್ತು. ಆದ್ದರಿಂದ ಅದನ್ನು ಯಾರು, ಎಲ್ಲಿ, ಯಾವ ಕಾರಣಕ್ಕೆ ತೆಗೆದರು, ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆಯೇ, ಫಲಿತಾಂಶವೇನು? ಈ ವಿವರ ಬರುವ ತನಕ ಅರ್ಜಿಯನ್ನು ತಡೆಹಿಡಿಯಲಾಗಿದೆ. ವೈದ್ಯಕೀಯ ಸಮಿತಿಯು ಡಿಸೆಂಬರ್ ಎರಡನೆಯ ವಾರದಲ್ಲಿ ಸೇರುತ್ತದೆ.

ಇನ್ನೊಂದು ವಿಮಾ ಕಚೇರಿಗೆ ಹೋಗೋಣವೆಂದು ಇವರು ಅಲ್ಲಿಯ ಫಾರಮ್ಮು ತಂದರು. ಅದರ ಮೊದಲ ಪ್ರಶ್ನೆ: ನಿಮ್ಮ ಅರ್ಜಿಯನ್ನು ಬೇರೆ ಯಾರಾದರೂ ತಡೆಹಿಡಿದಿದ್ದಾರೆಯೇ?

ತಿಂಗಳ ಹಿಂದೆ ನನ್ನ ಮಗಳಿಗೆ ಏನೂ ಇರಲಿಲ್ಲ. ಈಗ ಅವಳ ಹೆಸರಿನಲ್ಲಿ ಒಂದು ಮಚ್ಚೆ, ಗುಟ್ಟಾಗಿ ಮಾಡಿಸಿದ ಒಂದು ಶಸ್ತ್ರಚಿಕಿತ್ಸೆ, ಕಾಣೆಯಾದ ಒಂದು ಲ್ಯಾಬ್ ರಿಪೋರ್ಟು, ಇಷ್ಟು ಸೇರಿದ್ದವು.

“ಇಪ್ಪತ್ತೆಂಟಕ್ಕೆ ವೀಸಾ ಖಲಾಸ್ ಅಕ್ಕ,” ಎಂದು ಮುಹಿಯುದ್ದೀನ್ ಫೋನಿನಲ್ಲಿ ಹೇಳಿದರು. “ಕಾರ್ಡ್ ಮಾಫಿ, ಸ್ಟಾಂಪಿಂಗ್ ಮಾಫಿ. ಅದಿಲ್ಲದೆ ಇದೂ ಇಲ್ಲ. ಹೆಚ್ಚು ತಲೆಬಿಸಿ ಮಾಡಿಕೊಳ್ಳಬೇಡಿ. ಮಗುವನ್ನು ಊರಿಗೆ ಕಳಿಸಿ, ಇದೆಲ್ಲ ಸರಿಯಾದ ಮೇಲೆ ಹೊಸ ವೀಸಾದಲ್ಲಿ ಕರೆಸಿಕೊಳ್ಳಬಹುದು.”

“ಯಾವಾಗ ಸರಿಯಾಗುತ್ತೆ?”

“ಅದು ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ.”

ಒಂಬತ್ತು ವರ್ಷದ ಹುಡುಗಿ. ಅಮೋಘ ಪಕ್ಕದ ಮಂಚದಲ್ಲಿ ಇಲ್ಲದೆ ಅವಳು ಒಂದು ದಿನವೂ ಮಲಗಿದವಳಲ್ಲ. ಇವರು ವಿಮಾನದ ಟಿಕೆಟು ವಿಚಾರಿಸಿಟ್ಟುಕೊಂಡದ್ದು ನನಗೆ ಗೊತ್ತಾಯಿತು; ಅತ್ತೆಗೆ ಫೋನು ಮಾಡಿ, “ಹಿತಾ ಸ್ವಲ್ಪ ದಿನ ಅಜ್ಜಿ ಮನೇಲಿರಲಿ ಅಂತಿದ್ದಾಳೆ,” ಎಂದದ್ದೂ ಕೇಳಿಸಿತು. ಹಿತಾ ಹಾಗೇನೂ ಅಂದಿರಲಿಲ್ಲ.

ಚರ್ಚಾಸ್ಪರ್ಧೆಯ ಶುಕ್ರವಾರ ಇಪ್ಪತ್ತಮೂರನೆಯ ತಾರೀಖು. ಶಾಲೆಯೊಂದರ ಸಭಾಂಗಣ ತುಂಬಿತ್ತು. ಅಂಗಳದಲ್ಲಿ ಬಿಸಿಬೇಳೆಬಾತಿನ ಪಾತ್ರೆ ಇಳಿಸುವ ಸದ್ದು ಕೇಳುತ್ತಿದ್ದುದರಿಂದ ಎಲ್ಲರೂ ಚರ್ಚೆ ಬೇಗ ಮುಗಿಯಲಿ ಎಂಬ ಒಮ್ಮತದಲ್ಲಿದ್ದರು.

ಇವರು ಚೆನ್ನಾಗಿಯೇ ಮಾತಾಡಿದರು. “ಯಾರು ಬಡವ, ಯಾರು ಬಲ್ಲಿದ, ಯಾರು ಮೊದಲು ಹುಟ್ಟಿದ, ಯಾರು ಆಮೇಲೆ ಹುಟ್ಟಿದ ಎಂದು ರೋಗ ಕೇಳುವುದಿಲ್ಲ. ಹಾಗಾದರೆ ಚಿಕಿತ್ಸೆ ಏಕೆ ಕೇಳಬೇಕು? ಒಬ್ಬೇ ಒಬ್ಬರನ್ನೂ ಬಿಡದೆ!” ಚಪ್ಪಾಳೆ ಬಿತ್ತು. ಹಿತಾಳೂ ನನ್ನ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದಳು. ನಾನು ಅವಳ ಕೈ ಹಿಡಿದುಕೊಂಡೆ.

‘ಹೊರೆ’ಯ ಪರವಾಗಿ ಮಾತಾಡಬೇಕಾದವರು ಮಡಿವಾಳಪ್ಪ. ಬಾಗಲಕೋಟೆಯವರು, ಇವರ ಕಂಪನಿಯಲ್ಲೇ ವಿದ್ಯುತ್ ಕೆಲಸದ ಫೋರ್‌ಮನ್. ನಾವಿರುವ ವಿಲ್ಲಾದ ಹಿಂಭಾಗದಲ್ಲೇ ಅವರೂ ಹೆಂಡತಿ ಗಂಗವ್ವನೂ ಬಾಡಿಗೆಗಿದ್ದಾರೆ. ಜೀವನದಲ್ಲಿ ಮೊದಲ ಸಲ ಸಿಕ್ಕ ವಿಮೆಯ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಅವರು ಅದನ್ನು ಖಂಡಿಸಲು ವೇದಿಕೆ ಹತ್ತಿದರು.

“ಸಭಿಕರೇ, ಇದು ಹೊರೀನೇ ಐತ್ರಿ,” ಎಂದು ಶುರುಮಾಡಿದರು. “ನಮ್ಮ ಕ್ಯಾಂಪಿನಾಗ ನಾನೂರು ಮಂದಿ ಹುಡುಗ್ರು. ಕಾರ್ಡ್ ಬಂದ ಮರುದಿನ ನೂರಾ ಹದಿನಾರು ಮಂದಿ ದವಾಖಾನಿಗೆ ಹ್ವಾದ್ರು! ಒಬ್ಬಂವ ಆರು ವರ್ಷದ ಹಲ್ಲುನೋವು ತಗೊಂಡು ಹೋಗ್ಯಾನ್ರಿ. ಇನ್ನೊಬ್ಬಂವನ ಕಿವ್ಯಾಗ ನಾಕು ವರ್ಷದಿಂದ ಕೀವು. ಇಷ್ಟು ದಿನ ಸುಮ್ಮನಿದ್ದ ರೋಗೆಲ್ಲ ಕಾರ್ಡ್ ನೋಡಿ ಎದ್ದು ಕುಂತ್ವು. ಡಾಕ್ಟರ್ ಕೇಳ್ತಾನ, ಏನಪ್ಪಾ ನಿಮಗೆಲ್ಲಾ ಒಂದೇ ದಿನ ಜಡ್ಡು ಬಂತೇನು ಅಂತ! ಇದು ಹೊರಿ ಅಲ್ಲೇನ್ರಿ?”

ಸಭೆ ನಕ್ಕಿತು. ಯಾರೋ “ಅಲ್ರೀ!” ಎಂದು ಕೂಗಿದರು. ಹಿಂದಿನ ಸಾಲಿನಲ್ಲಿದ್ದ ನಾಲ್ಕಾರು ಕೆಲಸಗಾರ ಹುಡುಗರು ನಗಲಿಲ್ಲ. ಒಬ್ಬ ದವಡೆ ಮುಟ್ಟಿಕೊಂಡ.

ಮಡಿವಾಳಪ್ಪ ಬಿಡಲಿಲ್ಲ. “ಇನ್ನೊಂದು ಕೇಳ್ರಿ. ಕಂಪನಿ ಪಟ್ಟಿ ಒಳಗ ಹೆಸರು ಬಂತಂದ್ರ ಮುಗೀತು, ಒಂದು ಪ್ರಶ್ನಾ ಇಲ್ಲ! ನಿನಗೇನು ರೋಗ ಐತಿ, ನಿಮ್ಮಪ್ಪಗೇನಿತ್ತು, ಯಾರೂ ಕೇಳಂಗಿಲ್ಲ. ನಾನೂರು ಮಂದೀನ ಕುರಿ ಎಣಿಸಿದಂಗ ಎಣಿಸಿ ಕಾರ್ಡ್ ಕೊಟ್ಟಾರ. ಇದು ನ್ಯಾಯ ಏನ್ರಿ?”

ಎಲ್ಲರೂ ಕೈ ತಟ್ಟುತ್ತಿದ್ದರು. ನನಗೆ ಮುಂದಿನದು ಕೇಳಿಸಲಿಲ್ಲ. ಕುರಿ ಎಣಿಸಿದಂತೆ. ಒಂದು ಪ್ರಶ್ನೆಯೂ ಇಲ್ಲ. ಫಾರಮ್ಮು ಬಂದಂದಿನಿಂದ ನನ್ನ ಕಣ್ಣೆದುರಿಗೇ ಇದ್ದ ಸಂಗತಿ. ಮಚ್ಚೆ ಇಲ್ಲವೆಂದು ತೋರಿಸುವ ಗಡಿಬಿಡಿಯಲ್ಲಿ ನಾನು ಅದರ ಕಡೆ ತಿರುಗಿಯೇ ಇರಲಿಲ್ಲ. ಹಿತಾಳನ್ನು ನಿರ್ದೋಷಿ ಎಂದು ಸಾಧಿಸಬೇಕಾಗಿಯೇ ಇಲ್ಲ. ಅವಳನ್ನು ಮಂದೆಗೆ ಸೇರಿಸಿದರೆ ಸಾಕು.

ಪ್ರಶ್ನೋತ್ತರಕ್ಕೆ ಮೈಕು ಸಭೆಗೆ ಬಂತು. ಗಂಗವ್ವ ಅದನ್ನು ಕಸಿದುಕೊಂಡಳು. ಗಂಡನ ವಾದವೆಲ್ಲ ಎದುರಿನವರಿಗೇ ಅನುಕೂಲವಾಗಿ ಅವರು ಸೋಲುತ್ತಿರುವುದನ್ನು ಅವಳಿಗೆ ಸಹಿಸಲಾಗಿರಲಿಲ್ಲ.

“ಶಾಮಸುಂದರ ಸರ್, ಒಬ್ಬರನ್ನೂ ಬಿಡಬಾರದು ಅಂದ್ರಲ್ರಿ. ಛಲೋ ಮಾತು. ನಿಮ್ಮ ಮನ್ಯಾಗ ಎಷ್ಟು ಮಂದಿಗೆ ಬಂದೈತ್ರಿ ಕಾರ್ಡು?”

ಇವರು ಕುತ್ತಿಗೆಯ ಟೈ ಸರಿಮಾಡಿಕೊಂಡರು. “ಚರ್ಚೆಯಲ್ಲಿ ವೈಯಕ್ತಿಕ ಉದಾಹರಣೆಗಳು ಬೇಡ ಅಂತ ನಿಯಮ ಇದೆ.”

“ನಮ್ಮನಿಯವರು ಕ್ಯಾಂಪಿನ ಮಾತು ಹೇಳಿದ್ರಲ್ಲ, ಅದು ವೈಯಕ್ತಿಕ ಅಲ್ಲೇನು?”

“ಅದು ಅಂಕಿಅಂಶ,” ಎಂದರು ಇವರು.

ತೀರ್ಪುಗಾರರು ಹಕ್ಕಿಗೆ ಮೊದಲ ಬಹುಮಾನ, ಹೊರೆಗೆ ಎರಡನೆಯದು ಎಂದರು. ಎರಡಕ್ಕೂ ಒಂದೇ ಅಳತೆಯ ಹಾಟ್‌ಪಾಟ್ ಕೊಟ್ಟರು. ಅಂಗಡಿಯವರು ಅವನ್ನು ಜೋಡಿಯಾಗಿ ದಾನ ಮಾಡಿದ್ದರಂತೆ.

ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ನಾನೇ ಮಾತು ತೆಗೆದೆ.

“ಹಿತಾಳ ಹೆಸರನ್ನ ಕಂಪನಿ ಪಟ್ಟಿಗೆ ಹಾಕ್ಸಿ. ಅಲ್ಲಿ ಯಾರೂ ಪ್ರಶ್ನೆ ಕೇಳಲ್ಲ.”

“ಮೂರೇ ಚೌಕ ಕಣೇ. ಯಾರನ್ನ ತೆಗೀಲಿ?”

ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ಎಣಿಸಿದೆ. ಅಮೋಘನಿಗೆ ಅದು. ಒಂಟಿಯಾಗಿ ಹೋದರೆ ನಿಜವಾದ ‘ಹೌದು’ ಬರೆಯಬೇಕು. ಪ್ರಾರ್ಥನಾಳ ಕಣ್ಣಿನ ಪವರು ಆರು ತಿಂಗಳಿಗೊಮ್ಮೆ ಏರುತ್ತಿದೆ. ಸುಮಂತನ ಹೆಸರು ಹೇಳಬಹುದಿತ್ತು. ಹದಿನೇಳು ವರ್ಷದ ಹುಡುಗ, ಹೆಗಲಿಗೆ ಬಂದಿದ್ದಾನೆ. ಆದರೆ ಒಂದು ಮಗುವನ್ನು ಹೊರಗೆ ಹಾಕಿದ್ದಕ್ಕೆ ಇಷ್ಟೆಲ್ಲ ಆಗಿರುವಾಗ, ಇನ್ನೊಂದರ ಹೆಸರನ್ನು ತಾಯಿ ಯಾವ ಬಾಯಲ್ಲಿ ಆಡಬೇಕು?

ಹಿಂದಿನ ಸೀಟಿನಿಂದ ಸುಮಂತನೇ ಅಂದ: “ಟೇಕ್ ಮೀ ಆಫ್, ಅಪ್ಪಾ. ನೆಕ್ಸ್ಟ್ ಇಯರ್ ನಂಗೆ ಹೇಗೂ ಎಯ್ಟೀನ್ ಆಗುತ್ತೆ. ಆ್ಯಂಡ್ ಐ ಆ್ಯಮ್ ನೆವರ್...”

ನಾನು ಸೀಟಿನಿಂದ ಹೊರಳಿ ಅವನ ಬಾಯಿ ಮುಚ್ಚಿದೆ. ಇವರು ಗಾಬರಿಯಾಗಿ ಬ್ರೇಕು ಹಾಕಿದರು. ಹಿಂದಿನ ಗಾಡಿಯವನು ಉದ್ದಕ್ಕೆ ಹಾರನ್ ಹೊಡೆದ. ಆಡದೇ ಉಳಿದ ಆ ಒಂದು ಪದವನ್ನು ಬೆರಳುಗಳ ಹಿಂದೆ ಒತ್ತಿ ಹಿಡಿದುಕೊಂಡೇ ನಾನು, “ಇವನೇ ಆಗಲಿ,” ಎಂದೆ.

ಭಾನುವಾರ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ಮುಹಿಯುದ್ದೀನ್ ಹೆಸರು ಬದಲಿಸಿಕೊಟ್ಟರು. “ಕಂಪ್ಯೂಟರಿಗೆ ಯಾರಾದರೂ ಮೂರು ಜನ ಆದೀತು ಅಕ್ಕ, ಅದಕ್ಕೆ ಮುಖ ಗೊತ್ತಾಗುದಿಲ್ಲ,” ಎಂದರು. “ಆದರೆ ಮಗುವಿನ ಹಳೆ ಅರ್ಜಿ ಅಲ್ಲಿಂದ ವಾಪಸ್ ತೆಗೀಬೇಕು. ಎರಡು ಕಡೆ ಹೆಸರು ಇದ್ದರೆ ಎರಡೂ ಕಡೆ ಕೆಂಪು. ದೊಡ್ಡ ಹುಡುಗನಿಗೆ ಹೊರಗಿನ ವಿಮೆಯೂ ಇವತ್ತೇ ಮಾಡಿಸಿ. ಯಲ್ಲಾ, ಹೊರಡಿ.”

ಇವರಿಗೆ ಮೀಟಿಂಗಿತ್ತು. ಸುಮಂತನನ್ನು ಶಾಲೆ ಬಿಡಿಸಿ, ಟ್ಯಾಕ್ಸಿ ಮಾಡಿಕೊಂಡು ನಾನೇ ವಿಮಾ ಕಚೇರಿಗೆ ಹೋದೆ. ಕೌಂಟರಿನಲ್ಲಿ ಕೂತವಳ ಎದೆಯ ಬಿಲ್ಲೆಯಲ್ಲಿ ಜೋಸ್ಫಿನ್ ಎಂದಿತ್ತು. ನಮ್ಮಿಬ್ಬರ ಮಾತು ಕೇಳಿ ತಾನೂ ಕನ್ನಡಕ್ಕೆ ಬಂದಳು. ಉಡುಪಿಯ ಕಡೆಯವಳು.

“ಈ ಫೈಲ್ ಸಮಿತಿಗೆ ಹೋಗ್ಲಿಕ್ಕುಂಟಲ್ಲ? ವಾಪಸ್ ಯಾಕೆ? ಮಚ್ಚೆಯ ವಿಷಯ ಎಂತ ಆಯ್ತು?”

ಟ್ಯಾಕ್ಸಿಯಲ್ಲಿ ಕೂತು ಇದಕ್ಕೆ ನಾಲ್ಕು ಉತ್ತರ ಸಿದ್ಧಮಾಡಿಕೊಂಡಿದ್ದೆ. ಒಂದಕ್ಕಿಂತ ಒಂದು ಗೌರವಸ್ಥ ಉತ್ತರ. ಒಂದೊಂದೂ ಇನ್ನೊಂದು ಪತ್ರಕ್ಕೆ ದಾರಿ ಮಾಡಿಕೊಡುವಂಥದ್ದು.

“ಮಚ್ಚೆ ಇರಲೇ ಇಲ್ಲ,” ಎಂದೆ. “ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಬರೆದು ಹೆದರಿಕೆ ಆಯ್ತು. ದೃಷ್ಟಿಯಾಗ್ಬಾರ್ದು ಅಂತ ಒಂದು ‘ಹೌದು’ ಇಟ್ಟೆ.”

ಜೋಸ್ಫಿನ್ ಪೆನ್ನು ಕೆಳಗಿಟ್ಟಳು. ನಗುತ್ತಾಳೆಂದುಕೊಂಡೆ. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ನಮ್ಮ ಅಮ್ಮ ನನ್ನ ಮಗುವಿಗೆ ಮೆಣಸು ಸುಳಿದು ದೃಷ್ಟಿ ತೆಗೀತಾರೆ. ಪಾದ್ರಿಯವರಿಗೆ ಗೊತ್ತಾಗಬಾರದು ಅಂತ ಹಿಂದಿನ ಬಾಗಿಲಲ್ಲಿ.” ಮತ್ತೆ ಪರದೆಯ ಕಡೆ ತಿರುಗಿದಳು. “ಆದರೆ ಇಲ್ಲಿ ಎಂತ ಹಾಕುದು ನಾನು? ಕಾರಣ ಮೂರೇ ಉಂಟು. ದೇಶ ಬಿಟ್ಟದ್ದು, ಮರಣ...”

“ಬೇಗ ಕೆಳಗಿನದಕ್ಕೆ ಹೋಗಿ!”

“...ಬೇರೆ ವಿಮೆ ಸಿಕ್ಕಿದ್ದು.”

“ಅದೇ. ಅದನ್ನೇ ಹಾಕಿ.”

ಅವಳು ಒತ್ತಿದಳು. ಮಚ್ಚೆ, ಶಸ್ತ್ರಚಿಕಿತ್ಸೆ, ಸಮಿತಿ ಎಲ್ಲ ಒಂದು ಗುಂಡಿಯ ಸದ್ದಿಗೆ ಇಲ್ಲವಾದವು. ಮುಹಿಯುದ್ದೀನರಿಗೆ ಫೋನು ಮಾಡಿದೆ. ಹಿತಾಳ ಹೆಸರು ಪಟ್ಟಿಗೆ ಹತ್ತಿದೆ, ಪಾಸ್‌ಪೋರ್ಟು ನಾಳೆ ಸ್ಟಾಂಪಿಂಗಿಗೆ ಹೋಗುತ್ತದೆ ಎಂದರು. ಇಪ್ಪತ್ತೆಂಟಕ್ಕೆ ಇನ್ನೂ ಮೂರು ದಿನವಿತ್ತು.

“ಈಗ ಹುಡುಗನದ್ದು,” ಎಂದು ಜೋಸ್ಫಿನ್ ಹೊಸ ಫಾರಮ್ಮು ದೂಡಿದಳು. “ಎಲ್ಲ ‘ಇಲ್ಲ’ ಇದ್ದರೆ ಈಗಲೇ ಕಾರ್ಡ್ ಕೊಡ್ತೇನೆ. ಒಂದು ‘ಹೌದು’ ಬಂದರೆ ನನ್ನ ಕೈಯಲ್ಲಿಲ್ಲ ಅಕ್ಕ, ಮೊದಲೇ ಹೇಳಿದ್ದೇನೆ.”

ನಾನು ಪೆನ್ನು ತೆಗೆದುಕೊಳ್ಳುವ ಮೊದಲೇ ಸುಮಂತ್ ತೆಗೆದುಕೊಂಡ. ಪರೀಕ್ಷೆಯ ಕಾಗದವೇನೋ ಎಂಬಂತೆ ಕೌಂಟರಿನ ಮೇಲೆ ಬಾಗಿ, ಗಟ್ಟಿಯಾಗಿ ಓದುತ್ತ ಹೊರಟ.

“ಹಾರ್ಟ್? ನೋ. ಲಂಗ್ಸ್? ನೋ. ಎಪಿಲೆಪ್ಸಿ? ನೋ.”

“ಮೆಲ್ಲಗೆ ಓದೋ.”

“ಕಿಡ್ನಿ? ನೋ. ಲಿವರ್? ನೋ. ಬ್ಲಡ್? ನೋ.”

ನಮ್ಮ ಹಿಂದೆ ಹದಿನೈದು ಇಪ್ಪತ್ತು ಜನರ ಸಾಲಿತ್ತು. ಪ್ರತಿ ‘ನೋ’ಗೂ ಒಂದೊಂದು ತಲೆ ಎದ್ದು ಅವನನ್ನು ನೋಡುತ್ತಿತ್ತು. ಕಾಲಿಗೆ ಪಟ್ಟಿ ಸುತ್ತಿಕೊಂಡ ಒಬ್ಬ. ಮಡಿಲಲ್ಲಿ ಕೆಮ್ಮುವ ಮಗುವನ್ನಿಟ್ಟುಕೊಂಡ ಒಬ್ಬಳು. ಫೈಲನ್ನು ಎರಡು ಕೈಯಲ್ಲಿ ಎದೆಗವಚಿಕೊಂಡ ಹಣ್ಣುಗೂದಲಿನ ಒಬ್ಬರು. ಎಲ್ಲರೂ ಅವನ ಅಗಲವಾದ ಬೆನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬರ ನೋಟದಲ್ಲೂ ಕೆಟ್ಟದ್ದು ಇರಲಿಲ್ಲ, ಅದೂ ನನಗೆ ಗೊತ್ತಿತ್ತು. ಆದರೂ ಸೀರೆಯ ಸೆರಗನ್ನು ಎರಡು ಕೈಗಳಲ್ಲೂ ಹರಡಿಕೊಂಡು ಅವನಿಗೂ ಸಾಲಿಗೂ ನಡುವೆ ನಿಂತೆ.

“ಸ್ಕಿನ್?” ಸುಮಂತ್ ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದ. ಜೋಸ್ಫಿನ್ನೂ ನೋಡಿದಳು.

“ಇಲ್ಲ,” ಎಂದೆ ನಾನು.

ಅವನು ಬರೆದ. ಉಳಿದ ಏಳೂ ಸರಸರನೆ ಆದವು. ಕೊನೆಯ ಪುಟದಲ್ಲಿ ಹೆತ್ತವರ ಸಹಿ. ಹೋದ ಸಲ ಇವರು ಮೊದಲೇ ಸಹಿ ಹಾಕಿಟ್ಟಿದ್ದರಿಂದ ಈ ಪುಟವನ್ನು ನಾನು ಓದಿರಲೇ ಇಲ್ಲ. ಸಹಿಯ ಗೆರೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಮೇಲಿನ ಎಲ್ಲ ಉತ್ತರಗಳೂ ನನಗೆ ತಿಳಿದಮಟ್ಟಿಗೆ ಸರಿಯಾಗಿವೆ.’

ಎರಡು ಸಲ ಓದಿದೆ. ತಿಳಿದಮಟ್ಟಿಗೆ. ಹೆಚ್ಚು ಹೇಳಿಕೊಳ್ಳದ, ಯಾರ ಕಣ್ಣನ್ನೂ ಕುಕ್ಕದ, ತಗ್ಗಿ ನಡೆಯುವ ಮಾತು. ಇದನ್ನು ಬರೆದ ವಿಮಾ ಕಚೇರಿಯವನಿಗೆ ಒಳ್ಳೆಯ ತಾಯಿ ಇದ್ದಿರಬೇಕು.

“ಸಹಿ ಮಾಡಿ ಅಕ್ಕ, ಹಿಂದೆ ಜನ ಉಂಟು,” ಎಂದಳು ಜೋಸ್ಫಿನ್.

ಮಾಡಿದೆ.